ಹಿಕಾರೊದ ಎರ್ಸಿಲಿಯಾ ಮತ್ತು ಕೆಂಪು ಪಟ್ಟಿ

ನಮ್ಮ ಹಿಕಾರೊದಲ್ಲಿ ಎರ್ಸಿಲಿಯಾಳಷ್ಟು ಸಲ ಸತ್ತವರು ಯಾರೂ ಇಲ್ಲ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಸೈನ್ಯದವರು ಊರಿಗೆ ಬಂದು ಅಣಕು ಪ್ರವಾಹ ಮಾಡಿಸುತ್ತಿದ್ದರು. ಉಲುವಾ ನದಿ ಒಡ್ಡು ಒಡೆದುಕೊಂಡು ಊರೊಳಗೆ ನುಗ್ಗಿದೆ ಎಂದು ನಾವೆಲ್ಲ ತಿಳಿದುಕೊಳ್ಳಬೇಕು. ಸೀಟಿ ಊದಿದ ಕೂಡಲೇ ಶಾಲೆಯ ಕಡೆ ಓಡಬೇಕು. ಕೆಲವರು ಗಾಯವಾದವರಂತೆ ನೆಲಕ್ಕೆ ಬೀಳಬೇಕು, ಒಬ್ಬರು ಸಾಯಬೇಕು. ಸಾಯುವುದು ಅಪಶಕುನ ಎಂದು ಯಾರೂ ಒಪ್ಪದೆ ಹೋದಾಗ ಎರ್ಸಿಲಿಯಾ ಮುಂದೆ ಬಂದಳು. "ಯಾರಾದ್ರೂ ಒಬ್ರು ಸಾಯ್ಲೇಬೇಕಲ್ಲ, ನಾನೇ ಸಾಯ್ತೀನಿ ಬಿಡಿ" ಎಂದು ಮಾವಿನ ಮರದ ಕೆಳಗೆ ನೆರಳು ನೋಡಿಕೊಂಡು ಮಲಗಿಬಿಟ್ಟಳು. ಅಂದಿನಿಂದ ಆ ಪಾತ್ರ ಅವಳಿಗೇ ಕಾಯಂ ಆಯಿತು.

"ಕೊಮಾದ್ರೆ, ವರ್ಷಕ್ಕೆ ಅದೊಂದೇ ದಿನ ನೋಡು, ಯಾರೂ ನನ್ನನ್ನ ಕಾಫಿ ತಾ ಅನ್ನಲ್ಲ" ಎಂದು ನನ್ನ ಹತ್ತಿರ ನಗುತ್ತಿದ್ದಳು. ನನ್ನ ಹಿರಿಮಗಳ ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡು ನಿಂತವಳು ಅವಳೇ. ಆವತ್ತಿನಿಂದ ಅವಳಿಗೆ ನಾನು ಕೊಮಾದ್ರೆ, ನನಗೆ ಅವಳು ಕೊಮಾದ್ರೆ. ಒಡಹುಟ್ಟಿದವರ ನಂಟು ಹರಿದರೂ ಹರಿದೀತು, ಇದು ಹರಿಯುವ ನಂಟಲ್ಲ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿದೆ. ಊರಲ್ಲಿ ಬೇರೆಯವರು ಬೇರೆ ಥರ ಹೇಳಿದರೆ ನಂಬಬೇಡಿ.

ಎರ್ಸಿಲಿಯಾ ಹುಟ್ಟಿದ್ದು ಬಾಳೆತೋಟದ ಕೂಲಿಗಳ ಸಾಲುಮನೆಯಲ್ಲಿ. ನಮ್ಮ ಕಡೆ ಮಗುವಿಗೆ ಹೆಸರಿಗಿಂತ ಮುಂಚೆ ಪಕ್ಷ ಸಿಗುತ್ತದೆ. ಕೆಂಪಿನವರ ಮನೆಯಲ್ಲಿ ಹುಟ್ಟಿದರೆ ಕೆಂಪು, ನೀಲಿಯವರ ಮನೆಯಲ್ಲಿ ಹುಟ್ಟಿದರೆ ನೀಲಿ. ಯಾಕೆ ಎಂದು ಕೇಳುವವರಿಲ್ಲ. ಅವಳ ಅಪ್ಪ ಅಪ್ಪಟ ಕೆಂಪು. ಬಾಗಿಲಿಗೆ ಕೆಂಪು, ಬಕೆಟ್ಟಿಗೆ ಕೆಂಪು, ಕಟ್ಟಿದ ಕತ್ತೆಯ ಹಗ್ಗಕ್ಕೂ ಕೆಂಪು. ಅಣ್ಣ ಅನಕ್ಲೆತೊ ಅಪ್ಪನಿಗಿಂತ ಒಂದು ಕೈ ಮೇಲು. ಅಂಥ ಮನೆಯ ಹುಡುಗಿ ಹೋಗಿ ಹೋಗಿ ಮಕಾರಿಯೊನನ್ನು ಪ್ರೀತಿಸಿದಳು.

ಮಕಾರಿಯೊನ ಮನೆತನ ಮುತ್ತಜ್ಜನ ಕಾಲದಿಂದ ನೀಲಿ. ಮದುವೆಯಾದ ಮೊದಲ ವಾರವೇ ಎರ್ಸಿಲಿಯಾಳ ಕೆಂಪು ಲಂಗ ನೆಲ ಒರೆಸುವ ಬಟ್ಟೆಯಾಯಿತು. ಆಮೇಲೆ ಅವಳು ಕೆಂಪು ಉಟ್ಟದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಆ ಶಬ್ದವೂ ಹೊರಡುವಂತಿರಲಿಲ್ಲ. ಕೆಂಪು ಬೀನ್ಸಿಗೆ "ಆ ಬೀನ್ಸು" ಎನ್ನುತ್ತಿದ್ದಳು. ಮಕಾರಿಯೊ ಕೆಟ್ಟವನಲ್ಲ. ಹೊಡೆದವನಲ್ಲ, ದುಡಿದದ್ದನ್ನು ಕುಡಿದು ಕಳೆದವನಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸು. ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ, ಯಾಕೆಂದರೆ ಅವನು ಎದುರಿನವರ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಎರ್ಸಿಲಿಯಾ ಮೊದಮೊದಲು ವಾದಿಸಿದಳು, ಆಮೇಲೆ ಗೊಣಗಿದಳು, ಕೊನೆಗೆ ಅದನ್ನೂ ಬಿಟ್ಟಳು. ನನಗೆ ಅವಳನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಅವನನ್ನು ನೋಡಿದರೆ ಇನ್ನೂ ಹೆಚ್ಚು ಬರುತ್ತಿತ್ತು.

ಭಾವ ಭಾವಮೈದುನರ ಮನೆಗಳ ನಡುವೆ ಒಂದೇ ಅಂಗಳ. ಅನಕ್ಲೆತೊ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾ, "ಏನಪ್ಪಾ ನೀಲಿ, ರಾತ್ರಿ ಚಳಿ ಹೆಚ್ಚಾಯ್ತಾ? ಮುಖವೂ ನೀಲಿ ಆಗಿದೆ" ಎನ್ನುವನು. ಮಕಾರಿಯೊ ಅಂಗಳದಾಚೆಯಿಂದಲೇ, "ನಿಮ್ಮ ಕಣ್ಣು ನೋಡ್ಕೊಳ್ಳಿ ಭಾವ, ಕುಡಿದು ಕುಡಿದು ನಿಮ್ಮ ಪಕ್ಷದ ಬಣ್ಣಕ್ಕೆ ಬಂದಿದೆ" ಎನ್ನುವನು. ಇದು ಅವರ ಸುಪ್ರಭಾತ. ನಡುವೆ ಎರ್ಸಿಲಿಯಾ ರೊಟ್ಟಿ ತಟ್ಟುತ್ತಿರುತ್ತಿದ್ದಳು.

ಮೊದಲ ಅಣಕು ಪ್ರವಾಹದ ದಿನದ್ದು ಹೇಳಬೇಕು. ದೊಡ್ಡ ಚಂಡಮಾರುತದಲ್ಲಿ ಊರಿಗೆ ಊರೇ ಕೊಚ್ಚಿಹೋದ ಮೇಲೆ ಸರ್ಕಾರ ನಮಗೆ ಮಹಡಿಯ ಶಾಲೆ ಕಟ್ಟಿಸಿಕೊಟ್ಟಿತ್ತು. ನಮ್ಮ ಸೈನ್ಯದವರೂ ವಾಯುನೆಲೆಯ ಗ್ರಿಂಗೊ, ಅಂದರೆ ಅಮೆರಿಕದ, ಸೈನಿಕ ವೈದ್ಯರೂ ಊರಿನ ತುರ್ತು ಸಮಿತಿಯೂ ಸೇರಿ ನಮಗೆ ಪ್ರವಾಹ ಕಲಿಸಲು ಬಂದರು. ಪ್ರವಾಹ ನಮಗೇ ಗೊತ್ತಿಲ್ಲ ನೋಡಿ! ಎರ್ಸಿಲಿಯಾಳ ತಾಯಿ ಹೋದದ್ದು ಆ ಚಂಡಮಾರುತದಲ್ಲೇ. ಇರಲಿ. ಬಿದ್ದವರ ಮಣಿಕಟ್ಟಿಗೆ ಲೆಫ್ಟಿನೆಂಟ್ ಬಣ್ಣದ ಪಟ್ಟಿ ಕಟ್ಟುತ್ತಾ ಬಂದ. ನಡೆಯಬಲ್ಲವರಿಗೆ ಹಸಿರು, ಸ್ವಲ್ಪ ಕಾಯಬಹುದಾದವರಿಗೆ ಹಳದಿ, ತಕ್ಷಣ ಎತ್ತಿಕೊಂಡು ಹೋಗಬೇಕಾದವರಿಗೆ ಕೆಂಪು, ಸತ್ತವರಿಗೂ ಬದುಕುವ ಭರವಸೆ ಇಲ್ಲದವರಿಗೂ ಕಪ್ಪು. ಎರ್ಸಿಲಿಯಾಳಿಗೆ ಕಪ್ಪು. ಮಕಾರಿಯೊನಿಗೆ ಕೆಂಪು ಕಟ್ಟಲು ಹೋದ. ಸತ್ತಂತೆ ಬಿದ್ದಿದ್ದವನು ಚಂಗನೆ ಎದ್ದು ಕೂತ.

"ಇದನ್ನ ಬಿಚ್ಚಿ ಲೆಫ್ಟಿನೆಂಟ್. ಇದು ನನ್ನ ಬಣ್ಣ ಅಲ್ಲ."

"ಇದು ಪಕ್ಷದ ಬಣ್ಣ ಅಲ್ಲ ದೊನ್ ಮಕಾರಿಯೊ. ನಿಮ್ಮ ಕಾಲು ಮುರಿದಿದೆ."

"ಮುರಿದ್ರೂ ಅದು ನೀಲಿಯವನ ಕಾಲು. ನೀಲಿ ಪಟ್ಟಿ ಇಲ್ವಾ?"

"ನೀಲಿ ಇಲ್ಲ."

"ಹಾಗಾದ್ರೆ ಹಸಿರು ಕೊಡಿ. ಬಾಳೆ ಎಲೆ ಬಣ್ಣ, ಯಾರ ತಂಟೆಗೂ ಹೋಗಲ್ಲ."

ಪಕ್ಕದಲ್ಲಿ ಹಸಿರು ಕಟ್ಟಿಸಿಕೊಂಡು ಬಿದ್ದಿದ್ದ ಅನಕ್ಲೆತೊ ಕೈ ಚಾಚಿದ. "ಆ ಕೆಂಪು ಇಲ್ಲಿ ಕೊಡಿ ಸ್ವಾಮಿ. ನನ್ನ ಕಾಲೂ ಮುರಿದಿದೆ, ನಮ್ಮಪ್ಪನ ಕಾಲೂ ಮುರಿದಿತ್ತು!"

ಊರೆಲ್ಲ ನಕ್ಕಿತು. ಲೆಫ್ಟಿನೆಂಟನೂ ನಕ್ಕು ಪಟ್ಟಿ ಬದಲಾಯಿಸಿಕೊಟ್ಟ. ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಅಧಿಕಾರಿ ಆಚೆ ತಿರುಗಿದ ಕೂಡಲೇ ಕೆಂಪಿನವರು ಕೆಂಪನ್ನು ಬಾಚಿಕೊಳ್ಳುವರು, ನೀಲಿಯವರು ಹಸಿರಿಗೋ ಹಳದಿಗೋ ಬದಲಾಯಿಸಿಕೊಳ್ಳುವರು. ಮೇಲಿನವರಿಗೆ ಬೇಕಾದಷ್ಟು ಕೆಂಪೂ ಬೇಕಾದಷ್ಟು ಹಸಿರೂ ಕಣ್ಣಿಗೆ ಬೀಳುತ್ತಿತ್ತು. ಫೋಟೊ ತೆಗೆದು, ಚಪ್ಪಾಳೆ ತಟ್ಟಿ, ಭಾಷಣ ಮಾಡುತ್ತಿದ್ದರು. ಆಮೇಲೆ ಡೇರೆಯಲ್ಲಿ ಗ್ರಿಂಗೊ ವೈದ್ಯರು ಎಲ್ಲರನ್ನೂ ಪರೀಕ್ಷೆ ಮಾಡುವರು. ತಲೆನೋವು ಎಂದರೆ ಜಂತುಹುಳದ ಮಾತ್ರೆ, ಮೊಣಕಾಲು ಎಂದರೆ ಜಂತುಹುಳದ ಮಾತ್ರೆ, ಮಗ ಮಾತು ಕೇಳುವುದಿಲ್ಲ ಎಂದರೂ ಅದೇ. ಅಕ್ಷರ ಬಾರದ ಅನಕ್ಲೆತೊ ಓದುವ ಕನ್ನಡಕ ಹಾಕಿಸಿಕೊಂಡು ಬಂದು ವರ್ಷವೆಲ್ಲ ಕೋಳಿಗಳನ್ನು ದೊಡ್ಡದಾಗಿ ನೋಡಿದ. ಹೋಗುವಾಗ ಕೆಂಪಿನವನಿಗೂ ಹಸಿರಿನವನಿಗೂ ಸತ್ತವಳಿಗೂ ಒಂದೇ ಚೀಲ ಸಿಗುತ್ತಿತ್ತು: ಅಕ್ಕಿ, ಬೀನ್ಸು, ಎಣ್ಣೆ, ಸೋಪು. ಯಾವ ಬಣ್ಣ ಕಟ್ಟಿಕೊಂಡರೂ ಒಂದೇ ಎಂದು ನಮ್ಮ ಊರು ಕಲಿತದ್ದು ಹೀಗೆ.

ಎರ್ಸಿಲಿಯಾ ಒಬ್ಬಳು ಹಾಗೆ ಕಲಿಯಲಿಲ್ಲ. ಅಧಿಕಾರಿಗಳ ಮೇಜು ಹಾಕುತ್ತಿದ್ದುದು ಅವಳು ಸತ್ತು ಮಲಗುತ್ತಿದ್ದ ಮಾವಿನ ಮರದ ನೆರಳಿನಲ್ಲೇ. ಹೆಣದ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲವಲ್ಲ, ಅವರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಒಂದು ಸಂಜೆ ಅವಳು ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ನಿಜವಾದ ನೀರು ಬಂದಾಗ ಕೆಂಪು ಕಟ್ಟಿದವರನ್ನ ಮೊದಲು ಎತ್ಕೊಂಡು ಹೋಗ್ತಾರೆ ಕಣೋ. ತಮಾಷೆ ಅಲ್ಲ ಅದು."

ಮಕಾರಿಯೊ ಕಾಫಿ ಹೀರುತ್ತಾ, "ಸತ್ತೋಳು ಮಾತಾಡಬಾರ್ದು" ಎಂದ.

ಆ ವರ್ಷದ ನವೆಂಬರಿನಲ್ಲಿ ಚಂಡಮಾರುತ ಎದ್ದು ನಿಜವಾದ ನೀರು ಬಂತು. ಸೀಟಿ ಊದುವವನೇ ಮೊದಲು ಓಡಿದ. ಒಡ್ಡು ಒಡೆದದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಶಾಲೆಯ ಮಹಡಿ ಸೇರಿದೆವು. ಅಷ್ಟು ವರ್ಷ ಓಡಿ ಓಡಿ ಅಭ್ಯಾಸವಾಗಿದ್ದಕ್ಕೆ ಜನ ಉಳಿದರು, ಅದನ್ನು ಇಲ್ಲ ಎನ್ನಲಾರೆ. ಮಕಾರಿಯೊನೂ ಬಂದಿದ್ದ. ಆದರೆ ಹಂದಿ ಕಟ್ಟಿಹಾಕಿದ್ದು ನೆನಪಾಗಿ ತಿರುಗಿ ಹೋದ. ಎದೆಮಟ್ಟದ ನೀರಿನಲ್ಲಿ ಚಾವಣಿಯ ತಗಡೊಂದು ತೇಲಿಬಂದು ಅವನ ಮೀನಖಂಡವನ್ನು ಮೂಳೆ ಕಾಣುವಂತೆ ಸೀಳಿತು. ಅನಕ್ಲೆತೊ ಹಾರಿ ಅವನನ್ನು ಮೆಟ್ಟಿಲಿಗೆ ಎಳೆದುಕೊಂಡು ಬಂದ. ಎಳೆಯುವಾಗ ತನ್ನ ಮಣಿಕಟ್ಟು ಉಳುಕಿಸಿಕೊಂಡ.

"ಹಂದಿಗೋಸ್ಕರ ಸಾಯೋಕೆ ಹೋಗಿದ್ಯಲ್ಲೋ" ಎಂದು ಅನಕ್ಲೆತೊ ಏದುಸಿರು ಬಿಟ್ಟ.

"ಅದು ನೀಲಿ ಹಂದಿ ಭಾವ" ಎಂದು ಮಕಾರಿಯೊ ಹಲ್ಲು ಕಚ್ಚಿಕೊಂಡೇ ನಕ್ಕ.

ಎರ್ಸಿಲಿಯಾ ತನ್ನ ಒಳಲಂಗ ಹರಿದು ಕಾಲಿಗೆ ಬಿಗಿದಳು. ರಕ್ತ ನಿಂತಿತು. ಆದರೆ ಆ ನೀರಿನಲ್ಲಿ ಏನಿರಲಿಲ್ಲ? ಸತ್ತ ದನ, ತೋಟದ ಔಷಧಿ, ಕಕ್ಕಸಿನ ಗುಂಡಿಗಳೆಲ್ಲ ಅದರಲ್ಲೇ. ಮಾರನೆಯ ದಿನ ಕಾಲು ಬಾತು, ಮೈ ಸುಡತೊಡಗಿತು.

ಆಗ ಹೆಲಿಕಾಪ್ಟರ್ ಬಂತು. ಶಾಲೆಯ ತಾರಸಿಯ ಮೇಲೆ ಒಬ್ಬ ಸೈನಿಕನನ್ನು ಹಗ್ಗದಲ್ಲಿ ಇಳಿಸಿತು. ಅವನು ಓಡಾಡಿ ಎಲ್ಲರನ್ನೂ ನೋಡಿ ಪಟ್ಟಿ ಕಟ್ಟಿದ. ಮಕಾರಿಯೊನ ಕಾಲು ನೋಡಿ ಕೆಂಪು ಕಟ್ಟಿದ, ಅನಕ್ಲೆತೊನ ಮಣಿಕಟ್ಟು ನೋಡಿ ಹಸಿರು. "ಪಕ್ಕದ ಊರಿನವರನ್ನ ಇಳಿಸಿ ತಿರುಗಿ ಬರ್ತೀವಿ. ಮೋಡ ಕಟ್ತಾ ಇದೆ, ಕೆಂಪು ಇರೋರನ್ನ ಮಾತ್ರ ತಗೊಂಡು ಹೋಗ್ತೀವಿ" ಎಂದು ಹೇಳಿ ಮೇಲೇರಿದ. ಎರ್ಸಿಲಿಯಾಳ ಮುಖದಲ್ಲಿ ಅವತ್ತೇ ಮೊದಲ ಸಲ ಜೀವ ಕಂಡಿತು. ಗಂಡನಿಗೆ ಕುಡಿಸಿ ಕಳಿಸೋಣ ಎಂದು ಮಳೆನೀರು ತರಲು ಪಾತ್ರೆ ಹಿಡಿದು ಮೆಟ್ಟಿಲಿನ ತಿರುವಿಗೆ, ತಾರಸಿಯ ಕೊಳವೆ ಸುರಿಯುವಲ್ಲಿಗೆ ಇಳಿದಳು. ನಾನೂ ಜೊತೆಗೆ ಹೋದೆ.

ನಾವು ಅತ್ತ ಹೋದದ್ದೇ ತಡ, ಮಕಾರಿಯೊ ಭಾವನನ್ನು ಕರೆದಿದ್ದಾನೆ. "ತಗೊಳ್ಳಿ ಭಾವ, ಆ ಹುಡುಗ ತಪ್ಪಿ ನನಗೆ ಕಟ್ಬಿಟ್ಟಿದ್ದಾನೆ. ಇದು ನಿಮ್ಮ ಮನೆಯದು" ಎಂದಿದ್ದಾನೆ. ಜ್ವರದಲ್ಲೂ ಅವನಿಗೆ ಅದೇ ಯೋಚನೆ. ಅನಕ್ಲೆತೊ ಖುಷಿಯಿಂದ ಕಟ್ಟಿಕೊಂಡು ತನ್ನ ಹಸಿರನ್ನು ಅವನಿಗೆ ಕಟ್ಟಿದ್ದಾನೆ. ಪ್ರತಿ ವರ್ಷ ಮಾಡಿದ್ದನ್ನೇ ಮಾಡಿದರು. ತಿರುಗಿ ಬಂದ ಹೆಲಿಕಾಪ್ಟರಿನಿಂದ ಇಳಿದವನು ಬೇರೆ ಸೈನಿಕ. ಅವನು ಮಣಿಕಟ್ಟು ನೋಡಿದನೇ ಹೊರತು ಮುಖ ನೋಡಲಿಲ್ಲ. ಆ ಸದ್ದಿನಲ್ಲಿ ಅನಕ್ಲೆತೊ ಏನೋ ಕೂಗುತ್ತಿದ್ದ, ಕೈ ಬೀಸುತ್ತಿದ್ದ. ಹೆದರಿದ್ದಾನೆ ಎಂದುಕೊಂಡು ಸೊಂಟಕ್ಕೆ ಹಗ್ಗ ಬಿಗಿದು ಎತ್ತಿಕೊಂಡೇ ಹೋದರು. ನಾವು ಮೇಲೆ ಬರುವಷ್ಟರಲ್ಲಿ ಎರ್ಸಿಲಿಯಾಳ ಅಣ್ಣ ಹಗ್ಗದಲ್ಲಿ ತೂಗಾಡುತ್ತಾ ಮೋಡ ಸೇರುತ್ತಿದ್ದ. ಅವಳ ಗಂಡ ಗೋಡೆಗೆ ಒರಗಿ ಕುಳಿತಿದ್ದ.

"ಪಟ್ಟಿ ಎಲ್ಲಿ?"

"ಅದ್ಯಾಕೆ ಹಂಗೆ ನೋಡ್ತೀಯ? ಭಾವನಿಗೆ ಕೊಟ್ಟೆ. ಅವರಿಗೂ ಒಂದು ಸಲ ಆಕಾಶ ನೋಡೋ ಆಸೆ ಇರ್ಲಿಲ್ವಾ?"

ಅವಳು ಪಾತ್ರೆಯನ್ನು ಅವನ ಮೇಲೆ ಎತ್ತಿ ಎಸೆದಳು. ನೀರೆಲ್ಲ ಚೆಲ್ಲಿತು. ಆಮೇಲೆ ತಾರಸಿಯ ಅಂಚಿಗೆ ಓಡಿ ಮೋಡವನ್ನು ನೋಡಿ ಕಿರುಚಿದಳು. ನಾನು ಸೊಂಟ ಹಿಡಿದುಕೊಳ್ಳದೆ ಇದ್ದಿದ್ದರೆ ನೀರಿಗೆ ಬೀಳುತ್ತಿದ್ದಳು. ಹೆಲಿಕಾಪ್ಟರ್ ಮತ್ತೆ ಬರಲಿಲ್ಲ. ಇದರ ಬೆನ್ನಿಗೇ ಎರಡನೆಯ ಚಂಡಮಾರುತ ಸಮುದ್ರದಲ್ಲಿ ಏಳುತ್ತಿದೆ ಎಂದು ರೇಡಿಯೊ ಹೇಳಿತು, ಅಷ್ಟರಲ್ಲಿ ರೇಡಿಯೊದ ಬ್ಯಾಟರಿಯೂ ಸತ್ತಿತು.

ಆ ಮಹಡಿಯ ಮೇಲೆ ದಿನಗಟ್ಟಲೆ ಕೂತೆವು. ಸುತ್ತ ಎತ್ತ ನೋಡಿದರೂ ಕೆಸರು ಬಣ್ಣದ ನೀರು. ಅದರ ಮೇಲೆ ಬಾಳೆಗೊನೆಗಳು ತೇಲುತ್ತಿದ್ದವು, ತಿನ್ನುವಂತಿಲ್ಲ. ನಾವು ಮೆಟ್ಟಿಲು ಇಳಿಯುವಂತಿಲ್ಲ, ಅಲ್ಲಿ ಹಾವುಗಳು ಬಂದು ಸುತ್ತಿಕೊಂಡಿದ್ದವು. ಅವಕ್ಕಾದರೂ ಎಲ್ಲಿಗೆ ಹೋಗಲು ಜಾಗವಿತ್ತು, ಪಾಪ. ಒಂದು ಹಾವು ಒಬ್ಬ ಹುಡುಗಿಗೆ ಕಚ್ಚಿತು. ಕೋಣೆಯೊಳಗೆ ಕೂತರೆ ಜನರ ಬೆವರು ಮತ್ತು ಮಕಾರಿಯೊನ ಕಾಲಿನ ನಾತ, ಹೊರಗೆ ಹೋದರೆ ಮಳೆ. ಮಕ್ಕಳು ಅಳುವುದನ್ನೂ ನಿಲ್ಲಿಸಿದ್ದರು. ನನಗೆ ಮೈಯೆಲ್ಲ ಪರಚಿಕೊಳ್ಳಬೇಕು ಅನ್ನಿಸುತ್ತಿತ್ತು. ನೀರಿಗೆ ಹಾರಿಬಿಡೋಣ, ಏನಾದರೂ ಆಗಲಿ, ಇಲ್ಲಿ ಕೂತಿರುವುದಂತೂ ಬೇಡ ಅನ್ನಿಸುತ್ತಿತ್ತು.

ಎರ್ಸಿಲಿಯಾ ಗಂಡನ ಪಕ್ಕದಿಂದ ಏಳಲಿಲ್ಲ. ಶಾಲೆಯ ಭೂಪಟವೊಂದನ್ನು ಮಡಿಸಿ ಗಾಳಿ ಹಾಕುತ್ತಿದ್ದಳು. ಮೊದಲು ಅವನು ತಮಾಷೆ ಮಾಡುತ್ತಿದ್ದ. ಆಮೇಲೆ ಸತ್ತ ತಾಯಿಯ ಹತ್ತಿರ ಮಾತಾಡತೊಡಗಿದ. ಆಮೇಲೆ ಮಾತು ನಿಂತಿತು, ಉಸಿರು ಮಾತ್ರ ಓಡುತ್ತಿತ್ತು. ಕಾಲು ಮೊಣಕಾಲಿನ ತನಕ ಕಪ್ಪಗಾಗಿತ್ತು.

"ಅವನ ಮೇಲೆ ನನಗೆಷ್ಟು ಸಿಟ್ಟು ಅಂದ್ರೆ ಕೊಮಾದ್ರೆ, ಸಾಯ್ಲಿ ಅನ್ಸುತ್ತೆ" ಎಂದು ಒಮ್ಮೆ ಮೆಲ್ಲಗೆ ಹೇಳಿದಳು. "ಹಂಗಂದ್ಕೊಂಡ ತಕ್ಷಣ ಉಸಿರು ಇದ್ಯಾ ಅಂತ ಮೂಗಿನ ಹತ್ರ ಕೈ ಇಡ್ತೀನಿ. ಇಲ್ಲಿಂದ ಇಳಿದು ಎಲ್ಲಿಗಾದ್ರೂ ಓಡಿಹೋಗೋಣ ಅಂದ್ರೆ ಅದೂ ಆಗಲ್ಲ. ನೀರು ಇಲ್ದಾಗ್ಲೂ ಎಲ್ಲಿ ಓಡಿಹೋದೆ ನಾನು?"

ಅವಳ ಕೈಯಿಂದ ಭೂಪಟ ತೆಗೆದುಕೊಂಡು ಸ್ವಲ್ಪ ಹೊತ್ತು ನಾನು ಗಾಳಿ ಹಾಕಿದೆ.

ಇತ್ತ ಅನಕ್ಲೆತೊನದು ಇನ್ನೊಂದು ಕಥೆ. ಪಟ್ಟಣದ ಕ್ರೀಡಾಂಗಣದಲ್ಲಿ ಡೇರೆ ಆಸ್ಪತ್ರೆ ಹಾಕಿದ್ದರು. ಅಲ್ಲಿಯ ನರ್ಸು ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೇನೂ ಆಗಿಲ್ವಲ್ಲ ತಾತ, ಈ ಕೆಂಪು ಯಾರದು? ಯಾರ ಜಾಗದಲ್ಲಿ ಬಂದ್ರಿ ನೀವು?" ಎಂದಳಂತೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಲ್ಲಿಯೇ ಮುಖ ಮುಚ್ಚಿಕೊಂಡು ಅತ್ತನಂತೆ. ಆಮೇಲೆ ಸಿಕ್ಕ ಸಿಕ್ಕ ಸಮವಸ್ತ್ರದವರ ಕಾಲು ಹಿಡಿದ. ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ದೋಣಿಯಿತ್ತು, ಆದರೆ ಮುಳುಗಿದ ತೋಟದಲ್ಲಿ ಕಾಲುವೆ ಯಾವುದು, ಬೇಲಿ ಯಾವುದು ಎಂದು ಸೈನ್ಯಕ್ಕೆ ತಿಳಿಯದು. "ಗೊನೆ ಸಾಗಿಸೋ ತಂತಿ ಕಂಬಗಳ ತುದಿ ನೀರಿನ ಮೇಲೆ ಕಾಣುತ್ತೆ, ಅದರ ಸಾಲು ಹಿಡಿದು ಹೋಗೋಣ. ನಾನು ಮುಂದೆ ಕೂರ್ತೀನಿ" ಎಂದು ಅನಕ್ಲೆತೊ ಹಟ ಹಿಡಿದ. ಸಾರ್ಜೆಂಟ್ ಪೊರ್ತಿಯೊ ಎಂಬವನೂ ಗ್ರಿಂಗೊ ಸೈನ್ಯದ ಒಬ್ಬ ವೈದ್ಯೆಯೂ ಒಪ್ಪಿ ಹೊರಟರು.

ದೋಣಿ ಕಂಡಾಗ ನಾವು ಕೂಗಲೂ ಇಲ್ಲ, ಅಷ್ಟು ಸೋತಿದ್ದೆವು. ಅನಕ್ಲೆತೊ ದೋಣಿಯ ಹುಟ್ಟಿನಿಂದ ಹಾವುಗಳನ್ನು ಬಡಿದು ಮೆಟ್ಟಿಲು ಹತ್ತಿದವನೇ ಮಕಾರಿಯೊನ ಮುಂದೆ ಕುಸಿದ. "ಏಯ್, ನೋಡೋ ಇಲ್ಲಿ. ನಿನ್ನ ಪಟ್ಟಿ ನೀನೇ ಇಟ್ಕೊಬೇಕಾಗಿತ್ತು ಕಣೋ ಕತ್ತೆ" ಎಂದು ಬಿಕ್ಕಿದ. ಮಕಾರಿಯೊ ಕಣ್ಣು ತೆರೆಯಲಿಲ್ಲ.

ವೈದ್ಯೆ ದಣಿದ ಮುಖದವಳು, ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿತ್ತು. ದೋಣಿಯಲ್ಲಿ ಮಲಗಿಸಲು ಇಬ್ಬರಿಗೆ ಮಾತ್ರ ಜಾಗ. ಹಾವು ಕಚ್ಚಿದ ಹುಡುಗಿ, ಉಸಿರಿಗೆ ಒದ್ದಾಡುತ್ತಿದ್ದ ಒಬ್ಬ ಬಾಣಂತಿ, ಮಕಾರಿಯೊ, ಹೀಗೆ ಮೂವರಿದ್ದರು. ಅವಳು ಮಕಾರಿಯೊನ ಹೆಸರು ಕರೆದಳು, ಕೈ ಹಿಸುಕು ಎಂದಳು, ಉಗುರು ಒತ್ತಿದಳು, ಕಣ್ಣಿಗೆ ಬೆಳಕು ಬಿಟ್ಟಳು. ಅವನು ಮಿಸುಕಲಿಲ್ಲ. ಅವನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದಳು. ಆಮೇಲೆ ಜೇಬಿನಿಂದ ಕಪ್ಪು ಪಟ್ಟಿ ತೆಗೆದು ಮೃದುವಾಗಿ ಕಟ್ಟಿದಳು.

ಸಾರ್ಜೆಂಟ್ ನೆಲ ನೋಡುತ್ತಾ ಎರ್ಸಿಲಿಯಾಳಿಗೆ, "ದೋನ್ಯಾ, ಇವರನ್ನ ಆಮೇಲಿನ ದೋಣೀಲಿ ಕರ್ಕೊಂಡು ಹೋಗ್ತೀವಿ" ಎಂದ.

"ಕಪ್ಪಿಗೆ ಆಮೇಲಿನ ದೋಣಿ ಇಲ್ಲ ಸಾರ್ಜೆಂಟ್" ಎಂದಳು ಎರ್ಸಿಲಿಯಾ. "ಅದನ್ನ ಕಟ್ಕೊಂಡು ಎಷ್ಟು ವರ್ಷ ಮಲಗಿದ್ದೀನಿ ನಾನು. ನನಗೆ ಹೇಳ್ತೀಯಾ?"

ಅವಳು ಕಪ್ಪು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಬಿಸಾಡಿದಳು. ಗಂಡನ ಎರಡೂ ಕೆನ್ನೆ ಹಿಡಿದು ಕಿವಿಯ ಹತ್ತಿರ ಬಾಯಿಟ್ಟಳು. ಅಷ್ಟು ಜೋರು ದನಿ ಅವಳಲ್ಲಿ ಇದೆ ಎಂದು ಅವತ್ತಿನ ತನಕ ನನಗೆ ಗೊತ್ತಿರಲಿಲ್ಲ.

"ಮಕಾರಿಯೊ! ಕೇಳ್ತಾ ಇದ್ಯಾ? ನೀನು ಕೆಂಪು! ಊರೋರ ಮುಂದೆ ಹೇಳ್ತಾ ಇದ್ದೀನಿ, ನನ್ನ ಗಂಡ ಕೆಂಪು! ನಾನೂ ಕೆಂಪು! ನೀನು ಮೊಣಕೈ ಹಿಡ್ಕೊಂಡು ಮತಗಟ್ಟೆಗೆ ಕರ್ಕೊಂಡು ಹೋಗ್ತಿದ್ಯಲ್ಲ, ಆಚೆ ಬಂದ ಮೇಲೆ ಎಲ್ಲಿಗೆ ಹಾಕ್ದೆ ಅಂತ ಕೇಳ್ತಿದ್ಯಲ್ಲ, ಪ್ರತಿ ಸಲ ಕೆಂಪಿಗೇ ಹಾಕಿದ್ದೀನಿ! ಮದುವೆ ಆದಾಗಿಂದ! ಒಂದು ಸಲವೂ ನಿನ್ನ ನೀಲಿಗೆ ಹಾಕಿಲ್ಲ ಕಣೋ!"

ನೀಲಿಯವರ ಮನೆಯ ಹೆಂಗಸೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಅನಕ್ಲೆತೊ ಬಾಯಿ ತೆರೆದುಕೊಂಡು ತಂಗಿಯನ್ನೇ ನೋಡಿದ.

ಮಕಾರಿಯೊನ ಹುಬ್ಬು ಗಂಟಾಯಿತು. ತುಟಿ ಒಣಗಿ ಅಂಟಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳಲು ಒದ್ದಾಡಿದ. ಅರ್ಧ ಕಣ್ಣು ತೆರೆದು ಹೆಂಡತಿಯನ್ನು ನೋಡಿದ.

"ಸುಳ್ಳು" ಎಂದ.

ವೈದ್ಯೆ ಥಟ್ಟನೆ ಬಗ್ಗಿದಳು. "ಏನಂದರು? ಮಾತಾಡಿದರಾ?" ಎಂದು ಸಾರ್ಜೆಂಟನನ್ನು ಕೇಳಿದಳು. ಅವನು ಹೇಳಿದ. ಅವಳು ಮಕಾರಿಯೊನ ಕೈಯಲ್ಲಿ ತನ್ನ ಬೆರಳಿಟ್ಟು ಹಿಸುಕು ಎಂದಳು. ಎರ್ಸಿಲಿಯಾ, "ಹಿಸುಕ್ದೆ ಇದ್ರೆ ನಾಳೆ ಮನೆಗೆ ಬಣ್ಣ ಹೊಡಿಸ್ತೀನಿ, ಯಾವ ಬಣ್ಣ ಅಂತ ನಿಂಗೇ ಗೊತ್ತು" ಎಂದಳು. ಅವನು ಹಿಸುಕಿದ. ವೈದ್ಯೆ ಕೆಂಪು ಪಟ್ಟಿ ಹೊರತೆಗೆದಳು. ಅದನ್ನು ಕಟ್ಟುವಾಗ ಮಕಾರಿಯೊ ಕೈ ಎಳೆದುಕೊಳ್ಳಲು ನೋಡಿದ, ಎರ್ಸಿಲಿಯಾ ಮೊಣಕಾಲಿನಿಂದ ಒತ್ತಿ ಹಿಡಿದಳು.

ಬಾಣಂತಿಯನ್ನು ಒರಗಿಸಿ ಕೂರಿಸಿದರು, ಅದಕ್ಕೆ ಇನ್ನೊಂದು ಆಳಿನ ಜಾಗ ಬೇಕಾಯಿತು. ಅನಕ್ಲೆತೊ ತಾನೇ ತನ್ನ ಜಾಗ ಬಿಟ್ಟುಕೊಟ್ಟ. "ಬಂದ ದಾರಿ ಸಾರ್ಜೆಂಟ್ ನೋಡಿದ್ದಾನೆ. ನಾನು ಇಲ್ಲೇ ಇರ್ತೀನಿ, ನನ್ನ ತಂಗಿ ಜೊತೆ" ಎಂದ. ದೋಣಿ ಕಂಬದ ಸಾಲು ಹಿಡಿದು ಸಣ್ಣದಾಗುತ್ತಾ ಹೋಯಿತು. ಇನ್ನೊಂದು ದೋಣಿ ನಮ್ಮನ್ನು ಕರೆದೊಯ್ಯಲು ಬರುವ ತನಕ ಅಣ್ಣ ತಂಗಿ ಒಂದೇ ಗೋಡೆಗೆ ಒರಗಿ ಕುಳಿತಿದ್ದರು.

ಮಕಾರಿಯೊ ಬದುಕಿದ. ಕಾಲನ್ನು ತೊಡೆಯಿಂದ ಕೆಳಗೆ ತೆಗೆದರು. ನಾವು ಡೇರೆ ಆಸ್ಪತ್ರೆಗೆ ನೋಡಲು ಹೋದಾಗ ಮುಖ ಆಚೆ ತಿರುಗಿಸಿಕೊಂಡ. ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ಹೆಂಡತಿಯ ಜೊತೆ ಮಾತಿಲ್ಲ, ನಾಯಿಗೆ ಹೇಳುವಂತೆ ಹೇಳಿ ಅವಳಿಗೆ ಕೇಳಿಸುವುದು. "ನೋಡಿದ್ಯಾ, ಇಷ್ಟು ವರ್ಷ ಹಾಸಿಗೇಲಿ ಯಾರನ್ನ ಇಟ್ಕೊಂಡು ಮಲಗಿದ್ದೆ ನಾನು!" ಎನ್ನುವನು. ಸಿಟ್ಟಿನ ಒಳಗೆ ಏನೋ ಒಂದು ಬಗೆಯ ಬೆರಗೂ ಇತ್ತು. ಕೆಂಪಿನವರ ಮನೆಗಳಲ್ಲಿ ಎರ್ಸಿಲಿಯಾ ದೇವತೆಯಾದಳು. ಹಬ್ಬಕ್ಕೆ ಬಾಳೆ ಎಲೆಯಲ್ಲಿ ಬೇಯಿಸಿದ ಕಡುಬು ಕಳಿಸಿದರು, "ಎಂಥ ಗುಂಡಿಗೆ ನಿಂದು! ಗಂಡನ ಮೂಗಿನ ಕೆಳಗೆ!" ಎಂದು ಬೆನ್ನು ತಟ್ಟಿದರು. ಅವಳು ತಲೆ ತಗ್ಗಿಸಿಕೊಂಡು ಕಡುಬು ತೆಗೆದುಕೊಳ್ಳುತ್ತಿದ್ದಳು.

ಮರುವರ್ಷ ಚುನಾವಣೆ ಬಂತು. ಮಕಾರಿಯೊ ಊರುಗೋಲು ಹಿಡಿದು ಬಾಗಿಲ ತನಕ ಬಂದ. ಹೆಂಡತಿಯ ಮುಖ ನೋಡಿ ನೇರವಾಗಿ ಮಾತಾಡಿದ. "ನಾನು ಸಾಯಂಕಾಲ ಗಾಡೀಲಿ ಹೋಗ್ತೀನಿ. ನೀನು ಹೋಗಿ ನಿನ್ನ ಕೆಂಪಿಗೆ ಹಾಕ್ಬಾ. ಎಲ್ಲಿಗೆ ಅಂತ ಇನ್ಮೇಲೆ ಕೇಳಲ್ಲ." ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. ಗೆದ್ದಳು ನನ್ನ ಕೊಮಾದ್ರೆ ಎಂದು ಹಿಗ್ಗಿ ಅವಳ ಕೈ ಹಿಡಿದು ಮತಗಟ್ಟೆಗೆ ಕರೆದುಕೊಂಡು ಹೋದೆ.

ತಿರುಗಿ ಬರುವಾಗ ಹೊಸದಾಗಿ ಕಟ್ಟಿದ ಒಡ್ಡಿನ ಮೇಲೆ ಅವಳು ನಡೆಯುವುದನ್ನು ನಿಲ್ಲಿಸಿದಳು. ಬೆರಳಿನ ಶಾಯಿಯನ್ನು ಉಜ್ಜುತ್ತಿದ್ದಳು.

"ಅವತ್ತು ಅವನು ಸುಳ್ಳು ಅಂದ ನೋಡು ಕೊಮಾದ್ರೆ. ಅವನು ಹೇಳಿದ್ದೇ ಸರಿ."

"ಏನು ಸರಿ?"

"ಒಂದು ಸಲವೂ ಕೆಂಪಿಗೆ ಹಾಕಿಲ್ಲ ನಾನು. ಅವನನ್ನ ಎಬ್ಬಿಸೋಕೆ ಬಾಯಿಗೆ ಬಂದಿದ್ದು ಹೇಳ್ದೆ. ಓಟು ಹಾಕೋ ಮರೆಯೊಳಗೆ ಯಾರಿರ್ತಾರೆ? ನಾನೊಬ್ಳೇ ಇರ್ತಿದ್ದೆ. ಕೆಂಪಿಗೆ ಗುರುತು ಹಾಕೋಣ ಅಂತ್ಲೇ ಹೋಗ್ತಿದ್ದೆ. ಕೈ ನೀಲಿಗೇ ಹೋಗ್ತಿತ್ತು."

"ಈವತ್ತು ಅವನೇ ಹಾಕು ಅಂತ ಕಳಿಸಿದ್ನಲ್ಲೇ!"

"ಕಳಿಸಿದ. ಪೆನ್ನು ಹಿಡ್ಕೊಂಡು ಎಷ್ಟೊತ್ತು ನಿಂತೆ ಗೊತ್ತಾ, ಆಚೆ ಕಡೆಯಿಂದ ಕೂಗಿದ್ರು, ಮುಗೀತೇನಮ್ಮಾ ಅಂತ. ಈವತ್ತೂ ನೀಲಿಗೇ ಹಾಕ್ಬಿಟ್ಟೆ" ಎಂದಳು, ಒಡ್ಡಿನ ಮಣ್ಣಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.